ಮರದ ಹೆಸರಿನ ಮದಿರೆ

ಮದವನ್ನುಂಟುಮಾಡುವುದು ಮದಿರೆ. ಸಂಸ್ಕೃತದಿಂದ ಬಂದ ಈ ಶಬ್ದ ಕನ್ನಡ ಕಾವ್ಯಗಳಲ್ಲಿ ಬಹುಕಾಲದಿಂದ ನೆಲಸಿದೆ. ಅತ್ತ ಅಟ್ಲಾಂಟಿಕ್ ಸಾಗರದ ನಡುವೆ, ಪೋರ್ಚುಗಲ್ ದೇಶಕ್ಕೆ ಸೇರಿದ ಒಂದು ದ್ವೀಪವಿದೆ. ಅದರ ಹೆಸರು ಮದೀರಾ. ಆ ದ್ವೀಪವನ್ನು ಲೋಕಪ್ರಸಿದ್ಧವಾಗಿಸಿದ್ದು ಅಲ್ಲಿಯ ದ್ರಾಕ್ಷಾಮದ್ಯ. ಅದರ ಹೆಸರೂ ಮದೀರಾ. ಇಷ್ಟು ಕೇಳಿದೊಡನೆ, ಶಬ್ದಗಳ ಮೂಲವನ್ನು ಹುಡುಕುವ ಹವ್ಯಾಸವುಳ್ಳ ಕನ್ನಡಿಗನು ಎರಡು ಹೆಸರುಗಳಿಗೂ ಗಂಟುಹಾಕದೆ ಬಿಡಲಾರ. ಆದರೆ ಆ ಗಂಟು ನಿಲ್ಲುವುದಿಲ್ಲ. ಪೋರ್ಚುಗೀಸರ ಬಾಯಲ್ಲಿ 'ಮದೈರ' ಎಂಬಂತೆ ಕೇಳಿಬರುವ ಆ ಶಬ್ದಕ್ಕೆ ಮರ, ಮರದ ದಿಮ್ಮಿ ಎಂದು ಅರ್ಥ. ಲ್ಯಾಟಿನ್ ಭಾಷೆಯ 'ಮಾತೇರಿಯಾ' ಅದರ ತಾಯಿ. ಮದ್ಯಕ್ಕೆ ಮರದ ಹೆಸರು ಬಂದದ್ದು ಹೇಗೆ, ಅದರಲ್ಲಿ ಮಧ್ಯಮ ಸಿಹಿಯದೆಂದು ಹೆಸರಾದ 'ಬುವಾಲ್' ಯಾವ ತಿನಿಸಿನೊಡನೆ ಹೊಂದುತ್ತದೆ, ಆ ಹೆಸರಿನ ಮಾನವನ್ನು ಉಳಿಸಿಕೊಳ್ಳಲು ಏನೆಲ್ಲ ಬೇಕಾಯಿತು ಎಂಬುದು, ಕುಡಿಯುವವರಿಗಿರಲಿ, ಮದ್ಯವನ್ನು ಮುಟ್ಟದವರಿಗೂ ಸ್ವಾರಸ್ಯವಾಗಬಲ್ಲ ಕಥೆ.

ಲಿಸ್ಬನ್ ನಗರದಿಂದ ನೈರುತ್ಯಕ್ಕೆ ಸುಮಾರು ೧,೦೦೦ ಕಿಲೋಮೀಟರು ದೂರದಲ್ಲಿರುವ ಈ ದ್ವೀಪ ಜ್ವಾಲಾಮುಖಿಯಿಂದ ಎದ್ದದ್ದು. ಅಲ್ಲಿ ಸಮತಟ್ಟಾದ ನೆಲವೇ ಅಪರೂಪ. ಕಡಲಂಚಿನಿಂದಲೇ ಬೆಟ್ಟಗಳು ಏಳುತ್ತವೆ; ಅತ್ಯುನ್ನತ ಶಿಖರ ೧,೮೬೦ ಮೀಟರಿನಷ್ಟು ಎತ್ತರ. ೧೪೧೯ರಲ್ಲಿ ಜುವಾಂವ್ ಗೊನ್ಸಾಲ್ವಿಸ್ ಜಾರ್ಕೊ ಎಂಬ ನಾವಿಕನೂ ಅವನ ಸಂಗಡಿಗರೂ ಇಲ್ಲಿ ಬಂದಿಳಿದಾಗ ಮನುಷ್ಯರ ವಸತಿ ಇರಲಿಲ್ಲ. ಕಂಡದ್ದೆಲ್ಲ ದಟ್ಟವಾದ ಕಾಡು. ಮರವನ್ನೇ ಕಂಡವರು ದ್ವೀಪಕ್ಕೆ ಮರವೆಂದೇ ಹೆಸರಿಟ್ಟರು. ಬಡೇಸೋಪಿನ ಗಿಡಗಳು ಬೆಳೆದಿದ್ದ ಒಂದು ಕೊಲ್ಲಿಯ ದಡದಲ್ಲಿ ಊರು ಕಟ್ಟಿ ಅದನ್ನು ಫುಂಶಾಲ್ ಎಂದು ಕರೆದರು. 'ಫುಂಶು' ಎಂದರೆ ಅವರ ಭಾಷೆಯಲ್ಲಿ ಬಡೇಸೋಪು. ಬೇಸಾಯಕ್ಕೆ ನೆಲ ಬಿಡಿಸಲು ಕಾಡಿಗೆ ಹಚ್ಚಿದ ಬೆಂಕಿ ಏಳು ವರ್ಷ ಉರಿಯಿತೆಂದು ಐತಿಹ್ಯ. ಏಳು ವರ್ಷವೆಂಬುದು ಕಥೆಯ ಲೆಕ್ಕವಿರಬಹುದು. ಕಾಡಿನ ಬಹುಭಾಗ ಅಳಿದದ್ದು ಮಾತ್ರ ನಿಜ. ಉಳಿದುಕೊಂಡ ಲಾರೆಲ್ ಮರಗಳ ಕಾಡನ್ನು ೧೯೯೯ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಡು ಹೋದ ಕಡೆ ಮೊದಲು ಸಂಪತ್ತನ್ನು ತಂದದ್ದು ದ್ರಾಕ್ಷಿಯಲ್ಲ, ಕಬ್ಬು. ಹದಿನೈದನೆಯ ಶತಮಾನದ ಕೊನೆಗೆ ಯೂರೋಪಿನ ಸಿರಿವಂತರ ಮನೆಗಳಿಗೆ ಮದೀರಾದ ಸಕ್ಕರೆ ಹೋಗುತ್ತಿತ್ತು. ಆ ಸಿಹಿಯ ಹಿಂದೆ ಕೆನರಿ ದ್ವೀಪಗಳಿಂದಲೂ ಆಫ್ರಿಕದಿಂದಲೂ ಹಿಡಿದು ತಂದ ಗುಲಾಮರ ಬೆವರಿತ್ತು. ಮಳೆ ಸುರಿಯುವ ಉತ್ತರದ ಬೆಟ್ಟಗಳಿಂದ ಬಿಸಿಲಿನ ದಕ್ಷಿಣಕ್ಕೆ ನೀರು ಹರಿಸುವ 'ಲೆವಾದಾ' ಎಂಬ ಕಾಲುವೆಗಳನ್ನು ಬಂಡೆ ಕಡಿದು ತೆಗೆದ ಕೈಗಳಲ್ಲಿ ಅವರ ಕೈಗಳೂ ಇದ್ದವು. ಮುಂದೆ ಬ್ರೆಜಿಲಿನ ಸಕ್ಕರೆ ಅಗ್ಗವಾಗಿ ಬರತೊಡಗಲು ಮದೀರಾದ ಕಬ್ಬು ಸೋತಿತು. ಆಗ ದ್ರಾಕ್ಷಿಯ ಬಳ್ಳಿ ಆ ಸ್ಥಾನವನ್ನು ಹಿಡಿಯಿತು. ಕಪ್ಪು ಕಲ್ಲಿನ ಗೋಡೆ ಕಟ್ಟಿ, ಮಣ್ಣು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಸಣ್ಣ ಸಣ್ಣ ತಾಕುಗಳಲ್ಲಿ ತಗ್ಗಾದ ಚಪ್ಪರ ಹಾಕಿ ಬಳ್ಳಿ ಹಬ್ಬಿಸುವುದು ಅಲ್ಲಿಯ ಪದ್ಧತಿ. ಕೊಯ್ಲಿನ ಕಾಲದಲ್ಲಿ ಆಳು ಬೆನ್ನು ಬಾಗಿಸಿಕೊಂಡೇ ಚಪ್ಪರದಡಿ ನುಸುಳಬೇಕು. ರಸ್ತೆಗಳಿಲ್ಲದ ಕಾಲದಲ್ಲಿ ಹಿಂಡಿದ ರಸವನ್ನು ಆಡಿನ ತೊಗಲಿನ ಚೀಲಗಳಲ್ಲಿ ತುಂಬಿ, ಹೆಗಲ ಮೇಲೆ ಹೊತ್ತು, ಬೆಟ್ಟದ ಕಾಲುದಾರಿಗಳಲ್ಲಿ ಸಾಲುಸಾಲಾಗಿ ಇಳಿದು ಫುಂಶಾಲಿಗೆ ತಲುಪಿಸುವ ಹಮಾಲರ ಒಂದು ವರ್ಗವೇ ಇತ್ತು.

ಈ ಮದ್ಯದಲ್ಲಿ ಹಣ್ಣಿನ ಜಾತಿಯನ್ನನುಸರಿಸಿ ನಾಲ್ಕು ಮುಖ್ಯ ಬಗೆಗಳುಂಟು. ನಾಲ್ಕೂ ಬಿಳಿಯ ದ್ರಾಕ್ಷಿಗಳೇ. ಸೆರ್ಸಿಯಾಲ್ ಎಲ್ಲಕ್ಕಿಂತ ಒಗರು, ವೆರ್ದೆಲ್ಯೊ ಅದಕ್ಕಿಂತ ತುಸು ಮೃದು, ಮೂರನೆಯದು ಬುವಾಲ್, ಕೊನೆಯದಾದ ಮಲ್ವಸೀಯಾ ಪೂರಾ ಸಿಹಿ. ಇದನ್ನು ಇಂಗ್ಲಿಷರು 'ಮಾಮ್‌ಸಿ' ಎನ್ನುತ್ತಾರೆ. ಹಿಂದಿನಿಂದಲೂ ತಂಪಾದ ಎತ್ತರದ ಜಾಗಗಳು ಸೆರ್ಸಿಯಾಲಿಗೆ, ದಕ್ಷಿಣ ತೀರದ ಬೆಚ್ಚನೆಯ ತಗ್ಗಿನ ತಾಕುಗಳು ಬುವಾಲ್ ಮತ್ತು ಮಲ್ವಸೀಯಾಗಳಿಗೆ ಎಂಬುದು ವಾಡಿಕೆ. ಬುವಾಲ್ ಹಣ್ಣು ಬಿಸಿಲನ್ನು ಉಂಡು ಮಾಗುತ್ತದೆ. ಆದರೆ ತನ್ನ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಬುವಾಲಿನ ಗುಣವೂ ಊಟದ ಮೇಜಿನ ಮೇಲೆ ಅದಕ್ಕಿರುವ ಗೌರವವೂ ಇದರಿಂದಲೇ ಬಂದದ್ದು.

ದ್ರಾಕ್ಷಿಯ ರಸ ಹುದುಗುವಾಗ ಕಿಣ್ವವು ಸಕ್ಕರೆಯನ್ನು ತಿಂದು ಮದ್ಯಸಾರವನ್ನಾಗಿ ಮಾಡುತ್ತದೆ. ಹಾಗೆಯೇ ಬಿಟ್ಟರೆ ಸಿಹಿಯೆಲ್ಲ ತೀರಿಹೋಗುತ್ತದೆ. ಬುವಾಲಿನಲ್ಲಿ ಸಿಹಿಯ ಒಂದು ಪಾಲು ಕರಗಿ ಇನ್ನೊಂದು ಪಾಲು ಉಳಿದಿರುವ ಹದವನ್ನು ನೋಡಿ, ದ್ರಾಕ್ಷಿಯಿಂದಲೇ ಭಟ್ಟಿಯಿಳಿಸಿದ ತೀಕ್ಷ್ಣವಾದ ಸಾರವನ್ನು ಬೆರೆಸುತ್ತಾರೆ. ಕಿಣ್ವ ಅಲ್ಲಿಗೆ ಸಾಯುತ್ತದೆ. ಉಳಿದ ಸಿಹಿ ಉಳಿದೇಬಿಡುತ್ತದೆ. ಲೀಟರಿಗೆ ಸುಮಾರು ೮೦ರಿಂದ ೯೬ ಗ್ರಾಂ ಸಕ್ಕರೆ ಮಧ್ಯಮ ಸಿಹಿಯ ಅಳತೆ. ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ೧೯ರ ಆಸುಪಾಸು. ಸಾಧಾರಣ ದ್ರಾಕ್ಷಾಮದ್ಯಕ್ಕಿಂತ ಇದು ಬಹಳ ತೀವ್ರವಾದುದರಿಂದಲೇ ಇದರ ಬಟ್ಟಲು ಚಿಕ್ಕದು. ಊಟದುದ್ದಕ್ಕೂ ಗುಟುಕರಿಸುವ ಪಾನೀಯ ಇದಲ್ಲ.

ಸಾರವನ್ನು ಬೆರೆಸುವ ರೂಢಿ ಹದಿನೆಂಟನೆಯ ಶತಮಾನದಲ್ಲಿ ಬೇರೂರಿತು. ದೂರಪ್ರಯಾಣದ ಹಡಗಿನಲ್ಲಿ ಮದ್ಯ ಕೆಡಬಾರದೆಂಬುದೇ ಅದರ ಉದ್ದೇಶ. ಆ ಹಡಗುಗಳೇ ಇನ್ನೊಂದು ಸೋಜಿಗವನ್ನು ತೋರಿಸಿಕೊಟ್ಟವು. ಉಳಿದ ದ್ರಾಕ್ಷಾಮದ್ಯಗಳಿಗೆ ಸೆಕೆಯೇ ಶತ್ರು. ಇದಾದರೋ, ಉಷ್ಣವಲಯದ ಕಡಲಲ್ಲಿ ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಬೆಂದು, ಅಲುಗಿ, ಕುಲುಕಿ, ಮರಳಿ ಬಂದಾಗ ಹೋದುದಕ್ಕಿಂತ ರುಚಿಯಾಗಿತ್ತು! ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಭಾರತಕ್ಕೆ ಬರುವ ದಾರಿಯಲ್ಲಿ ಫುಂಶಾಲಿನಲ್ಲಿ ನಿಂತು ಪೀಪಾಯಿಗಳನ್ನು ಹೇರಿಕೊಳ್ಳುತ್ತಿದ್ದವು. ಮದರಾಸು, ಕಲ್ಕತ್ತೆಗಳ ಆಂಗ್ಲರ ಮೇಜುಗಳಲ್ಲಿ ಮದೀರಾ ಅಚ್ಚುಮೆಚ್ಚಿನ ಪಾನೀಯವಾಗಿತ್ತು. ಅಷ್ಟೇ ಅಲ್ಲ, ಭಾರತದವರೆಗೆ ಹೋಗಿ ಹಿಂದಿರುಗಿದ ಪೀಪಾಯಿಗೆ ಲಂಡನ್ನಿನಲ್ಲಿ ಹೆಚ್ಚಿನ ಬೆಲೆ. ಹೀಗೆ ಸುತ್ತುಪ್ರಯಾಣ ಮಾಡಿದ ಮದ್ಯಕ್ಕೆ 'ವಿನ್ಯೊ ದ ರೋದ' ಎಂಬ ವಿಶೇಷನಾಮವೇ ಹುಟ್ಟಿತು. ಕಾಶಿಗೆ ಹೋಗಿಬಂದವರಿಗೆ ಊರಿನಲ್ಲಿ ಗೌರವ ಹೆಚ್ಚುವಂತೆ, ಇಂಡಿಯಾಕ್ಕೆ ಹೋಗಿಬಂದ ಪೀಪಾಯಿಗೆ ಪೇಟೆಯಲ್ಲಿ ಮರ್ಯಾದೆ ಹೆಚ್ಚಿತು.

ಆದರೆ ಪ್ರತಿಯೊಂದು ಪೀಪಾಯಿಯನ್ನೂ ಸಾಗರ ಸುತ್ತಿಸುವುದು ಸಾಧ್ಯವೆ? ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿಯವರು ಆ ಸೆಕೆಯನ್ನು ದ್ವೀಪದಲ್ಲಿಯೇ ಉಂಟುಮಾಡುವ ಉಪಾಯವನ್ನು ಕಂಡುಕೊಂಡರು. ಇಂದಿಗೂ ಎರಡು ದಾರಿಗಳಿವೆ. ಒಂದು, ತೊಟ್ಟಿಯಲ್ಲಿಟ್ಟು ೪೫ರಿಂದ ೫೦ ಡಿಗ್ರಿಯವರೆಗಿನ ಕಾವಿನಲ್ಲಿ ಕನಿಷ್ಠ ಮೂರು ತಿಂಗಳು ಬಿಸಿಮಾಡುವುದು. ಇದು ಅಗ್ಗದ ದಾರಿ. ಇನ್ನೊಂದು, ಪೀಪಾಯಿಗಳನ್ನು ಮಾಡಿನ ಕೆಳಗಿನ ಅಟ್ಟದಲ್ಲಿ ಸಾಲಾಗಿ ಇಟ್ಟು, ಸೂರ್ಯನ ಕಾವಿಗೇ ಬಿಟ್ಟು, ವರ್ಷಗಟ್ಟಲೆ ಕಾಯುವುದು. ಪೀಪಾಯಿಗೆ ಆಧಾರವಾದ ಮರದ ತೊಲೆಗಳಿಂದಾಗಿ ಇದಕ್ಕೆ 'ಕಾಂತೈರು' ಎಂದು ಹೆಸರು. ಉತ್ತಮವಾದ ಬುವಾಲ್ ತಯಾರಾಗುವುದು ಈ ಎರಡನೆಯ ದಾರಿಯಲ್ಲಿ. ಪೀಪಾಯಿಯ ರಂಧ್ರಗಳಿಂದ ನೀರಿನಂಶ ಮೆಲ್ಲಮೆಲ್ಲನೆ ಆವಿಯಾಗುತ್ತದೆ. ಗಾಳಿ ಮೆಲ್ಲಮೆಲ್ಲನೆ ಒಳಗೆ ಸೇರುತ್ತದೆ. ಬಿಳಿಯ ದ್ರಾಕ್ಷಿಯ ರಸ ಜೇನಿನ ಬಣ್ಣಕ್ಕೂ, ಅನಂತರ ಕಾಯಿಸಿದ ಬೆಲ್ಲದ ಬಣ್ಣಕ್ಕೂ ತಿರುಗುತ್ತದೆ. ಹುರಿದ ಬಾದಾಮಿ, ಸುಟ್ಟ ಸಕ್ಕರೆ, ಒಣಗಿದ ಅಂಜೂರಗಳ ವಾಸನೆ ಒಂದೊಂದಾಗಿ ಕೂಡಿಕೊಳ್ಳುತ್ತದೆ. ಕಾವು, ಗಾಳಿ, ಕಾಲ ಎಂಬ ಮೂರು ಶತ್ರುಗಳನ್ನು ಮೊದಲೇ ಜಯಿಸಿದ ಮದ್ಯವಾದುದರಿಂದ, ಬಿರಡೆ ತೆಗೆದ ಬಾಟಲಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಇದರ ಬಾಟಲಿಯನ್ನು ಮಲಗಿಸದೆ ನಿಲ್ಲಿಸಿಯೇ ಇಡಬೇಕು.

ಇನ್ನು ರುಚಿಯ ವಿಚಾರ. ಮಧ್ಯಮ ಸಿಹಿ ಎಂದೊಡನೆ ಶರಬತ್ತಿನ ಕಲ್ಪನೆ ಬರುವುದು ಸಹಜ. ಬುವಾಲ್ ಹಾಗಲ್ಲ. ನಾಲಿಗೆಗೆ ತಾಕಿದಾಗ ಸಿಹಿ. ನುಂಗುವಷ್ಟರಲ್ಲಿ ಹುಳಿ ಎದ್ದು ಆ ಸಿಹಿಯನ್ನು ತೊಳೆದುಬಿಡುತ್ತದೆ. ಒಳ್ಳೆಯ ಗೊಜ್ಜನ್ನು ಮಾಡಬಲ್ಲ ಗೃಹಿಣಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಬರಿಯ ಬೆಲ್ಲ ಹಾಕಿದರೆ ಗೊಜ್ಜು ಪಾಯಸವಾಗುತ್ತದೆ. ಬರಿಯ ಹುಣಿಸೆಹಣ್ಣನ್ನು ಕಿವುಚಿದರೆ ಹಲ್ಲು ಚಳಿಯುತ್ತದೆ. ಎರಡೂ ಹದವಾಗಿ ಬೆರೆತಾಗ ಅನ್ನಕ್ಕೆ ಜೊತೆಯಾಗುತ್ತದೆ. ಜ್ವಾಲಾಮುಖಿಯ ಮಣ್ಣೂ ಮೋಡ ಕವಿದ ಹವೆಯೂ ಮದೀರಾದ ದ್ರಾಕ್ಷಿಗೆ ಆ ಹುಳಿಯನ್ನು ಕೊಟ್ಟಿವೆ. ಅದಿಲ್ಲದಿದ್ದರೆ ಬುವಾಲಿನ ಸಿಹಿ ಒಂದು ಗುಟುಕಿಗೇ ಸಾಕೆನಿಸುತ್ತಿತ್ತು.

ಇದನ್ನು ಅರಿತವರಿಗೆ ಊಟದ ಜೋಡಿಯನ್ನು ಹುಡುಕುವುದು ಕಷ್ಟವಲ್ಲ. ಮೊದಲನೆಯ ಸೂತ್ರ, ಉಪ್ಪಿಗೆ ಸಿಹಿ. ಬಹುಕಾಲ ಮಾಗಿಸಿದ ಗಟ್ಟಿ ಚೀಸಿನೊಡನೆ ಬುವಾಲ್ ಸೊಗಸಾಗಿ ಹೊಂದುತ್ತದೆ. ಪೋರ್ಚುಗಲ್ಲಿಗೇ ಸೇರಿದ ಅಸೋರ್ಸ್ ದ್ವೀಪಗಳ 'ಸಾವ್ ಜೋರ್ಜ್' ಎಂಬ ಖಾರಖಾರವಾದ ಹಸುವಿನ ಹಾಲಿನ ಚೀಸು ಇದಕ್ಕೆ ಹತ್ತಿರದ ನೆಂಟ. ಎರಡನೆಯ ಸೂತ್ರ, ಸಮಾನಕ್ಕೆ ಸಮಾನ. ಮದ್ಯದಲ್ಲಿಯೇ ಬಾದಾಮಿಯ, ಅಕ್ರೋಟಿನ ಛಾಯೆಯಿರುವುದರಿಂದ, ಹುರಿದು ಉಪ್ಪು ಸವರಿದ ಬಾದಾಮಿ, ಅಕ್ರೋಟು, ಒಣಅಂಜೂರಗಳು ಅದರ ಪಕ್ಕದಲ್ಲಿ ಸಲೀಸಾಗಿ ಕೂರುತ್ತವೆ. ಮೂರನೆಯದು ಎಚ್ಚರಿಕೆಯ ಸೂತ್ರ: ತಿನಿಸು ಮದ್ಯಕ್ಕಿಂತ ಹೆಚ್ಚು ಸಿಹಿಯಾಗಿರಬಾರದು. ಸುಟ್ಟ ಸಕ್ಕರೆಯ ಪಾಕ ಹಾಕಿ ಮಾಡುವ ಮೊಟ್ಟೆಯ ಕಡುಬು, ಕಾಫಿ ಬೆರೆಸಿದ ಕೇಕು ಇವು ಹದವಾಗಿದ್ದರೆ ಒಪ್ಪುತ್ತವೆ. ಸಕ್ಕರೆಯೇ ಸುರಿಯುವ ಭಕ್ಷ್ಯದ ಮುಂದೆ ಬುವಾಲ್ ಬಡವಾಗಿ, ಬರಿಯ ಹುಳಿಯಾಗಿ ಕಾಣುತ್ತದೆ. ಅಂಥದಕ್ಕೆ ಮಲ್ವಸೀಯಾ ಬೇಕು. ಬಡಿಸುವಾಗ ತುಸು ತಂಪಾಗಿರಬೇಕು, ಮಂಜುಗಟ್ಟುವಷ್ಟಲ್ಲ. ತೀರ ತಣ್ಣಗಾದರೆ ಸುವಾಸನೆಯೆಲ್ಲ ಅಡಗಿಹೋಗುತ್ತದೆ.

ತಣ್ಣಗಿನ ಮಾಂಸದೊಡನೆ ಮದೀರಾ ಕುಡಿಯುವ ರೂಢಿ ಹಳೆಯದು. ಷೇಕ್ಸ್‌ಪಿಯರ್ ಮಹಾಕವಿಯ 'ನಾಲ್ಕನೆಯ ಹೆನ್ರಿ' ನಾಟಕದ ಮೊದಲ ಭಾಗದಲ್ಲಿ ಹೊಟ್ಟೆಬಾಕನಾದ ಫಾಲ್‌ಸ್ಟಾಫನನ್ನು ಗೆಳೆಯನೊಬ್ಬನು ಗೇಲಿ ಮಾಡುತ್ತಾನೆ. ಶುಭ ಶುಕ್ರವಾರದ ಉಪವಾಸದಂದೇ ಅವನು ಒಂದು ಬಟ್ಟಲು ಮದೀರಾಕ್ಕೂ ಒಂದು ತಣ್ಣಗಿನ ಕೋಳಿಯ ಕಾಲಿಗೂ ತನ್ನ ಆತ್ಮವನ್ನು ಸೈತಾನನಿಗೆ ಮಾರಿಕೊಂಡನೆಂಬುದು ಆ ಗೇಲಿಯ ಸಾರ. ಜೋಡಿಯೇನೋ ಸರಿ, ಕಾಲ ಮಾತ್ರ ತಪ್ಪಿದೆ. ನಾಲ್ಕನೆಯ ಹೆನ್ರಿ ತೀರಿಕೊಂಡದ್ದು ೧೪೧೩ರಲ್ಲಿ. ಜಾರ್ಕೊ ಮದೀರಾದಲ್ಲಿ ಕಾಲಿಟ್ಟದ್ದು ೧೪೧೯ರಲ್ಲಿ. ಇನ್ನೂ ಕಾಡಾಗಿದ್ದ ದ್ವೀಪದ ಮದ್ಯವನ್ನು ಕವಿ ಫಾಲ್‌ಸ್ಟಾಫನ ಕೈಗೆ ಕೊಟ್ಟುಬಿಟ್ಟ. ಷೇಕ್ಸ್‌ಪಿಯರನ ಪ್ರೇಕ್ಷಕರಿಗೆ ಆ ಹೆಸರು ಚಿರಪರಿಚಿತವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ದ್ವೀಪದವರ ಸ್ವಂತ ಜೋಡಿ ಬೇರೆ. ಅದು 'ಬೋಲು ದೆ ಮೆಲ್', ಎಂದರೆ ಜೇನಿನ ಕೇಕು. ಹೆಸರಿನಲ್ಲಿ ಜೇನಿದ್ದರೂ ಅದಕ್ಕೆ ಹಾಕುವುದು ಕಬ್ಬಿನ ಹಾಲನ್ನು ಕಾಯಿಸಿ ಮಾಡಿದ, ಜೋನಿಬೆಲ್ಲವನ್ನು ಹೋಲುವ ಪಾಕ. ಸಕ್ಕರೆಯ ಹಳೆಯ ವೈಭವ ಅಳಿದರೂ ಕಬ್ಬು ಅರೆಯುವ ಕೆಲವು ಗಿರಣಿಗಳು ಅಲ್ಲಿ ಇಂದಿಗೂ ಇವೆ. ಆ ಪಾಕಕ್ಕೆ ಹಿಟ್ಟು, ಅಕ್ರೋಟು, ಬಾದಾಮಿ, ಲವಂಗ, ದಾಲ್ಚಿನ್ನಿಗಳನ್ನು ಸೇರಿಸಿ ನಾದುತ್ತಾರೆ. ಡಿಸೆಂಬರ್ ೮ರ ಮೇರಿಮಾತೆಯ ಹಬ್ಬದಂದು ಕ್ರಿಸ್ಮಸ್ಸಿಗಾಗಿ ಇದನ್ನು ಸುಡುವುದು ಹಿಂದಿನಿಂದ ಬಂದ ಸಂಪ್ರದಾಯ. ಇದನ್ನು ಚಾಕುವಿನಿಂದ ಕೊಯ್ಯುವಂತಿಲ್ಲ, ಕೈಯಿಂದಲೇ ಮುರಿಯಬೇಕು. ವರ್ಷವಿಡೀ ಕೆಡದ ತಿನಿಸಾದುದರಿಂದ, ಹೊಸದನ್ನು ಸುಡುವ ದಿನ ಹಳೆಯದರ ಕೊನೆಯ ತುಂಡನ್ನು ತಿನ್ನುತ್ತಾರೆ. ಕಬ್ಬಿನ ಕಾಲವೂ ದ್ರಾಕ್ಷಿಯ ಕಾಲವೂ ಹೀಗೆ ಒಂದೇ ತಟ್ಟೆಯಲ್ಲಿ ಸೇರುತ್ತವೆ. ಬೇಕರಿಗಳಲ್ಲಿ ಸಿಗುವ 'ಮದೀರಾ ಕೇಕ್' ಇದಲ್ಲ. ಅದು ಇಂಗ್ಲೆಂಡಿನದು. ಮದೀರಾದ ಬಟ್ಟಲಿನ ಜೊತೆಗೆ ತಿನ್ನುತ್ತಿದ್ದುದರಿಂದ ಆ ಹೆಸರು ಬಂದಿತೇ ಹೊರತು ಅದರಲ್ಲಿ ಮದ್ಯದ ಹನಿಯೂ ಇಲ್ಲ.

ಕ್ರಿಸ್ಮಸ್ಸಿನ ಇನ್ನೊಂದು ಅಡುಗೆ ಕನ್ನಡನಾಡಿಗೂ ನಂಟುಳ್ಳದ್ದು. ಬೆಳ್ಳುಳ್ಳಿ, ದ್ರಾಕ್ಷಾಮದ್ಯ ಅಥವಾ ವಿನೆಗರ್, ಲಾರೆಲ್ ಎಲೆಗಳಲ್ಲಿ ಹಂದಿಮಾಂಸವನ್ನು ನೆನೆಹಾಕಿ ಬೇಯಿಸುವ ಈ ಅಡುಗೆಗೆ 'ವಿನ್ಯ ದಾಲ್ಯೊಸ್' ಎಂದು ಹೆಸರು. ಪೋರ್ಚುಗೀಸರೊಡನೆ ಗೋವಕ್ಕೆ ಬಂದ ಇದೇ ಅಡುಗೆ ಅಲ್ಲಿ ಕಳ್ಳಿನ ವಿನೆಗರನ್ನು ಹೀರಿಕೊಂಡು, ಅವರೇ ಅಮೆರಿಕ ಖಂಡದಿಂದ ತಂದ ಮೆಣಸಿನಕಾಯಿಯನ್ನು ಸೇರಿಸಿಕೊಂಡು 'ವಿಂದಾಲು' ಆಯಿತು. ಗೋವದಿಂದ ದಕ್ಷಿಣಕ್ಕೆ ಬಂದು ನೆಲಸಿದ ಮಂಗಳೂರಿನ ಕ್ಯಾಥೊಲಿಕ್ ಕುಟುಂಬಗಳ ಅಡುಗೆಮನೆಯಲ್ಲಿಯೂ ಇದು ಮನೆಮಾತು. ಮೂಲ ಒಂದೇ ಎಂದು ವಿಂದಾಲುವಿನ ಪಕ್ಕದಲ್ಲಿ ಬುವಾಲನ್ನು ಇಟ್ಟರೆ ಮಾತ್ರ ಇಬ್ಬರಿಗೂ ಅನ್ಯಾಯ. ಮದ್ಯಸಾರವು ಮೆಣಸಿನಕಾಯಿಯ ಉರಿಯನ್ನು ಆರಿಸುವುದಿಲ್ಲ, ಇನ್ನಷ್ಟು ಎಬ್ಬಿಸುತ್ತದೆ. ನಂಟಸ್ತಿಕೆ ಇದ್ದವರೆಲ್ಲ ಒಂದೇ ಪಂಕ್ತಿಯಲ್ಲಿ ಕೂರಲೇಬೇಕೆಂಬ ನಿಯಮವಿಲ್ಲ.

ಇಷ್ಟು ಹಿರಿಮೆಯುಳ್ಳ ಮದ್ಯಕ್ಕೆ ಪೇಟೆ ಒದಗಿಸಿದ್ದು ಒಂದು ಕಾನೂನು. ಯೂರೋಪಿನ ಸರಕುಗಳು ಇಂಗ್ಲೆಂಡಿನ ಮೂಲಕವೇ ಅಮೆರಿಕದ ವಸಾಹತುಗಳಿಗೆ ಹೋಗಬೇಕೆಂದು ೧೬೬೩ರಲ್ಲಿ ವಿಧಿಸಿದ ಶಾಸನ ಮದೀರಾದ ಮದ್ಯಕ್ಕೆ ವಿನಾಯಿತಿ ಕೊಟ್ಟಿತು. ಅಮೆರಿಕದ ಸಿರಿವಂತರು ಅದಕ್ಕೆ ಮರುಳಾದರು. ೧೭೬೮ರಲ್ಲಿ ಸುಂಕ ತೆರದೆ ಮದೀರಾ ಇಳಿಸಿದ ಆರೋಪದ ಮೇಲೆ ಜಾನ್ ಹ್ಯಾನ್‌ಕಾಕನ 'ಲಿಬರ್ಟಿ' ನೌಕೆಯನ್ನು ಅಧಿಕಾರಿಗಳು ಹಿಡಿದಾಗ ಬಾಸ್ಟನ್ ನಗರದಲ್ಲಿ ದೊಂಬಿಯೇ ಆಯಿತು. ೧೭೭೬ರ ಸ್ವಾತಂತ್ರ್ಯ ಘೋಷಣೆಯ ಸಂಭ್ರಮದಲ್ಲಿ ಎತ್ತಿದ ಬಟ್ಟಲುಗಳಲ್ಲಿ ಇದ್ದದ್ದೂ ಮದೀರಾ ಎಂದು ಪ್ರತೀತಿ.

ಆದರೆ ಏರಿದ್ದು ಇಳಿಯಿತು. ೧೮೫೦ರ ದಶಕದ ಮೊದಲಲ್ಲಿ ಬೂದಿರೋಗ ಬಳ್ಳಿಗಳನ್ನು ಆವರಿಸಿತು. ಗಂಧಕದ ಪುಡಿಯ ಚಿಕಿತ್ಸೆಯಿಂದ ಒಂದಿಷ್ಟು ಚೇತರಿಸಿಕೊಳ್ಳುವಷ್ಟರಲ್ಲಿ, ೧೮೭೨ರಲ್ಲಿ, ಬೇರನ್ನು ಹೀರುವ ಫಿಲಾಕ್ಸೆರಾ ಎಂಬ ಹೇನು ಬಂದಿತು. ಬೇಸಾಯವನ್ನೇ ನಂಬಿದ ಬಡವರಿಗೆ ಕಡಲ ದಾರಿ ತುಳಿಯದೆ ಬೇರೆ ಗತಿಯಿರಲಿಲ್ಲ. ದ್ವೀಪದಿಂದ ಬ್ರಿಟಿಷ್ ಗಯಾನದ ಕಬ್ಬಿನ ತೋಟಗಳಿಗೆ ಆಳುಗಳು ಹೋಗುವುದು ೧೮೩೫ರಲ್ಲಿಯೇ ಮೊದಲಾಗಿತ್ತು. ೧೮೪೦ರ ದಶಕದ ಕ್ಷಾಮದಲ್ಲಿ ಅದು ಪ್ರವಾಹವಾಯಿತು. ೧೮೩೮ರಿಂದ ಅದೇ ಗಯಾನಕ್ಕೆ ಭಾರತದ ಕೂಲಿಗಳೂ ಕರಾರಿನ ಮೇಲೆ ಬರತೊಡಗಿದ್ದರು. ಇಂಡಿಯಾಕ್ಕೆ ಮದ್ಯ ಕಳುಹಿಸಿದ ದ್ವೀಪದ ಮಕ್ಕಳೂ ಇಂಡಿಯಾದ ಮಕ್ಕಳೂ ಪರರ ನೆಲದಲ್ಲಿ ಕಬ್ಬು ಕಡಿಯುವವರಾದರು.

ದ್ವೀಪದಲ್ಲಿ ಉಳಿದವರು ರೋಗವನ್ನು ತಡೆಯಬಲ್ಲ ಅಮೆರಿಕದ ಬಳ್ಳಿಗಳನ್ನು ನೆಟ್ಟರು. ಕೆಲವರು ಹಳೆಯ ಜಾತಿಗಳನ್ನು ಅವುಗಳ ಬೇರಿಗೆ ಕಸಿ ಕಟ್ಟಿದರು. ಹಲವರು ಕಡಿಮೆ ಆರೈಕೆಗೆ ಹೆಚ್ಚು ಫಸಲು ಕೊಡುವ ತಿಂತಾ ನೇಗ್ರಾ ಎಂಬ ಕಪ್ಪು ದ್ರಾಕ್ಷಿಯನ್ನು ಹಿಡಿದರು. ಬುವಾಲ್ ವಿರಳವಾಯಿತು. ಬಾಟಲಿಯ ಮೇಲಿನ ಹೆಸರು ಮಾತ್ರ ವಿರಳವಾಗಲಿಲ್ಲ! ತಿಂತಾ ನೇಗ್ರಾದಿಂದ ಮಾಡಿದ ಮದ್ಯವೇ ಸಿಹಿಯ ಮಟ್ಟಕ್ಕೆ ತಕ್ಕಂತೆ ಸೆರ್ಸಿಯಾಲ್, ಬುವಾಲ್ ಎಂಬ ಚೀಟಿಗಳನ್ನು ಅಂಟಿಸಿಕೊಂಡು ಪೇಟೆಗೆ ಹೋಗುತ್ತಿತ್ತು. ೧೯೮೬ರಲ್ಲಿ ಪೋರ್ಚುಗಲ್ ಯೂರೋಪಿನ ಸಮುದಾಯವನ್ನು ಸೇರಿದ ಮೇಲೆ ಈ ವ್ಯವಹಾರಕ್ಕೆ ಕಡಿವಾಣ ಬಿತ್ತು. ಬಾಟಲಿಯ ಮೇಲೆ ಬುವಾಲ್ ಎಂದು ಬರೆಯಬೇಕಾದರೆ ಒಳಗಿನ ರಸದಲ್ಲಿ ನೂರಕ್ಕೆ ೮೫ ಪಾಲಾದರೂ ಬುವಾಲ್ ಹಣ್ಣಿನದಾಗಿರಬೇಕು. ತಿಂತಾ ನೇಗ್ರಾ ಕೀಳೆಂದು ಇದರ ಅರ್ಥವಲ್ಲ. ಇಂದಿಗೂ ದ್ವೀಪದ ಮದ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಅದರಿಂದಲೇ ಆಗುತ್ತದೆ. ಈಗ ಅದು ತನ್ನ ಸ್ವಂತ ಹೆಸರಿನಲ್ಲಿಯೇ ಬಾಟಲಿಯ ಮೇಲೆ ಕಾಣಿಸಿಕೊಳ್ಳುತ್ತದೆ. ಎರವಲು ಹೆಸರಿನ ಹಂಗು ತಪ್ಪಿದ್ದರಿಂದ ಎರಡು ಹಣ್ಣುಗಳಿಗೂ ಮಾನ ಬಂದಂತಾಯಿತು.

ಬುವಾಲ್ ಬೆಳೆಯುವ ಬೆಚ್ಚನೆಯ ದಕ್ಷಿಣ ತೀರವೇ ಬಾಳೆಯ ತೋಟಕ್ಕೂ, ಮನೆಗಳಿಗೂ, ಪ್ರವಾಸಿಗರ ಹೋಟೆಲುಗಳಿಗೂ ಬೇಕಾದ ನೆಲ. ದ್ವೀಪದಲ್ಲಿ ಒಟ್ಟು ಉಳಿದಿರುವ ದ್ರಾಕ್ಷಿಯ ನೆಲವೇ ಕೆಲವು ನೂರು ಹೆಕ್ಟೇರು. ಅದೂ ನೂರಾರು ಕುಟುಂಬಗಳ ಕೈಯಲ್ಲಿ ಚೂರುಚೂರಾಗಿದೆ. ಯಂತ್ರ ಹತ್ತದ ಆ ಮೆಟ್ಟಿಲುಗಳಲ್ಲಿ ಇಂದೂ ಬೆನ್ನು ಬಾಗಿಸಿಯೇ ದುಡಿಯಬೇಕು. ಒಂದೇ ವರ್ಷದ ಫಸಲಿನಿಂದ ಮಾಡಿದ ಶ್ರೇಷ್ಠ ದರ್ಜೆಯ ಮದೀರಾಕ್ಕೆ 'ಫ್ರಸ್ಕೈರಾ' ಎಂದು ಹೆಸರು. ನಿಯಮದಂತೆ ಅದು ಮರದ ಪೀಪಾಯಿಯಲ್ಲಿ ಕನಿಷ್ಠ ೨೦ ವರ್ಷ ಇರಬೇಕು. ನಡುವಯಸ್ಸಿನವನು ಹಣ್ಣು ಹಿಂಡಿ ಪೀಪಾಯಿ ತುಂಬಿದರೆ, ಅದರ ಬಿರಡೆ ತೆಗೆಯುವ ಹೊತ್ತಿಗೆ ಅಟ್ಟದ ಬೀಗದಕೈ ಬಹುಮಟ್ಟಿಗೆ ಮಗನ ಕೈಗೆ ಬಂದಿರುತ್ತದೆ. ಈ ವರ್ಷದ ಕೊಯ್ಲಿನ ಬುವಾಲ್ ಹಾಗೆ ಅಟ್ಟ ಸೇರಿದರೆ, ಅದು ಹಿತವೋ ಅಹಿತವೋ ಎಂದು ಹೇಳಬೇಕಾದವರು ಇನ್ನೂ ಶಾಲೆಗೆ ಹೋಗುತ್ತಿದ್ದಾರೆ.